ಕೆಂಪು ಉಂಡೆ ನೀಲಿ ಆಗುವ ತನಕ

ಟಿಬಿ ಮಾತ್ರೆ ಶುರು ಮಾಡಿದ ಮೊದಲ ದಿನ ಮೂತ್ರ ಕೆಂಪಗೆ ಹೋಗಿದ್ದು ನೋಡಿ ಬಚ್ಚಲಲ್ಲೇ ಬೆವತು ಹೋಗಿದ್ದೆ. ರಿಫಾಂಪಿಸಿನ್ ತಗೊಂಡರೆ ಹಾಗೇ, ಬರೀ ಬಣ್ಣ, ಹೆದರಬೇಡಿ ಅಂತ ಆರೋಗ್ಯ ಕೇಂದ್ರದ ಸಿಸ್ಟರ್ ಮೊದಲೇ ಹೇಳಿದ್ದರು. ನಾನೇ ಸರಿಯಾಗಿ ಕೇಳಿಸಿಕೊಂಡಿರಲಿಲ್ಲ. ಆಮೇಲೆ ಅದು ಅಭ್ಯಾಸವಾಯಿತು. ತಲೆಯಲ್ಲಿ ಕೊರೆಯುತ್ತಾ ಉಳಿದಿದ್ದು ಡಾಕ್ಟರು ಹೇಳಿದ ಇನ್ನೊಂದು ಮಾತು. "ಕ್ರಿಮಿಯನ್ನ ತಿನ್ನಬೇಕಾದ ಮೈಯ ಜೀವಕಣ ಇದೆಯಲ್ಲ, ಅದರ ಹೊಟ್ಟೆ ಒಳಗೇ ಇದು ಮನೆ ಮಾಡಿಕೊಂಡಿರುತ್ತೆ ಕಣ್ರೀ. ಬೇಗ ಹೋಗಲ್ಲ. ಆರು ತಿಂಗಳು ಬಿಡದೆ ನುಂಗಿ." ತಿನ್ನೋನ ಹೊಟ್ಟೆಯಲ್ಲೇ ಬಾಡಿಗೆಗೆ ಇರೋದು ಅಂದರೆ ಹೇಗೆ? ಹೊರಗೆ ಜನ ಸಾಲುಗಟ್ಟಿ ಕೂತಿದ್ದರು. ಕೇಳದೆ ಎದ್ದು ಬಂದೆ.

ಅದು ಅರ್ಥವಾಗಿದ್ದು ನಾಲ್ಕನೇ ತಿಂಗಳಲ್ಲಿ, ಹನುಮಂತನಗರದ ನಮ್ಮ ಮನೆಯ ಊಟದ ಟೇಬಲ್ ಮೇಲೆ, ಒಂದು ಭಾನುವಾರ.

ಅಣ್ಣನ ಮಗಳು ಸಿರಿ ಸೆಕೆಂಡ್ ಪಿಯುಸಿ. ಕಾಲೇಜಿನ ಪ್ರಾಜೆಕ್ಟಿಗೆ ಅಂತ ಹತ್ತು ದಿನ ಮುಂಚೆಯೇ ಹಾಲು ಕರೆಯುವ ಗೌಡರ ಕೊಟ್ಟಿಗೆಯಿಂದ ಒಂದು ಹಿಡಿ ರಾಗಿ ಹುಲ್ಲು ತಂದಿದ್ದಳು. ಅದನ್ನು ಕುದಿಸಿ, ಆರಿಸಿ, ಲಾಲ್‌ಬಾಗ್ ಕೆರೆಯ ಅಂಚಿನಿಂದ ತಂದ ಅರ್ಧ ಬಾಟಲಿ ನೀರು ಬೆರೆಸಿ, ಉಪ್ಪಿನಕಾಯಿಯ ಖಾಲಿ ಜಾಡಿಗೆ ಹಾಕಿ ಇಟ್ಟಳು. ಎಲ್ಲಿ? ಅಮ್ಮನ ಇಡ್ಲಿ ಹಿಟ್ಟಿನ ಪಾತ್ರೆಯ ಪಕ್ಕ. ನಾಲ್ಕನೇ ದಿನಕ್ಕೆ ಚರಂಡಿ ವಾಸನೆ. ಅಮ್ಮ ಜಾಡಿಯನ್ನೂ ಅದರ ಜೊತೆ ನನ್ನನ್ನೂ ಬಾಲ್ಕನಿಗೆ ಅಟ್ಟಿದಳು, ನಾನೇನು ಮಾಡಿದ್ದೆ ಅಂತ ಇವತ್ತಿಗೂ ಗೊತ್ತಿಲ್ಲ.

ಆ ಭಾನುವಾರ ಸಿರಿ ಯಾರದ್ದೋ ಹಳೇ ಮೈಕ್ರೋಸ್ಕೋಪ್ ಹೊತ್ತು ತಂದಳು. ಜೊತೆಗೆ ಲ್ಯಾಬಿನಲ್ಲಿ ಕೇಳಿ ತಂದ ಒಂದು ಚಿಟಿಕೆ ಕಾಂಗೋ ರೆಡ್ ಅನ್ನೋ ಬಣ್ಣ. ಯೀಸ್ಟ್ ನಮ್ಮ ಬೀದಿಯ ಅಯ್ಯಂಗಾರ್ ಬೇಕರಿಯದು. ಕೈಗೆ ಗ್ಲೌಸ್ ಹಾಕಿಕೊಂಡು ಯೀಸ್ಟನ್ನು ಆ ಬಣ್ಣದ ನೀರಲ್ಲಿ ಹತ್ತು ನಿಮಿಷ ಕುದಿಸಿದಳು. ಕುದಿಸಿದ ಸ್ಟೀಲ್ ಲೋಟ ಮತ್ತೆ ಅಡುಗೆಮನೆ ಸೇರಲಿಲ್ಲ. ಈ ಬಣ್ಣದ ವಿಶೇಷ ಏನಂದರೆ ಮಾಮೂಲಿ ನೀರಲ್ಲಿ ಕೆಂಪಗಿರುತ್ತೆ, ಹುಳಿ ಜಾಸ್ತಿ ಆದರೆ ನೀಲಿಗೆ ತಿರುಗುತ್ತೆ.

ಜಾಡಿಯ ನೀರನ್ನು ಬೆಳಕಿಗೆ ಹಿಡಿದರೆ ಬಿಳಿ ಚುಕ್ಕೆಗಳು ಸುಮ್ನೆ ತೇಲಿದ ಹಾಗೆ ಕಾಣುತ್ತವೆ. ಅವೇ ಪ್ಯಾರಮೀಸಿಯಂ. ಒಂದೊಂದೂ ಒಂದೇ ಒಂದು ಜೀವಕೋಶ, ಉದ್ದ ಸುಮಾರು ಮಿಲಿಮೀಟರಿನ ಕಾಲು ಭಾಗ ಇರಬಹುದು. ಗಾಜಿನ ಮೇಲೆ ಒಂದು ಹನಿ ಹಾಕಿ, ಆ ಕೆಂಪು ಯೀಸ್ಟ್ ಬೆರೆಸಿ ನೋಡಿದರೆ ಒಂದೂ ಕಣ್ಣಿಗೆ ನಿಲ್ಲುತ್ತಿಲ್ಲ, ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಸಂದಿ ಸಿಕ್ಕ ಬೈಕಿನವರ ಹಾಗೆ ನುಗ್ಗುತ್ತವೆ. ಸಿರಿ ದೇವರ ಮನೆಗೆ ಹೋಗಿ ಅಮ್ಮನ ಹೂಬತ್ತಿಯ ಹತ್ತಿಯಲ್ಲಿ ನಾಲ್ಕು ಎಳೆ ಕಿತ್ತು ತಂದು ಹನಿಯಲ್ಲಿ ಹರಡಿದಳು. ಎಳೆಗಳ ನಡುವೆ ಸಿಕ್ಕಿಕೊಂಡು ಒಂದು ನಿಂತಿತು.

"ಚಿಕ್ಕಪ್ಪ, ಬೇಗ ನೋಡಿ!"

ಕಣ್ಣಿಟ್ಟೆ. ಮೈತುಂಬಾ ಸಣ್ಣ ಕೂದಲು. ಪಕ್ಕದಲ್ಲಿ ಒಂದು ಓರೆ ತಗ್ಗು. ಅಲ್ಲಿನ ಕೂದಲು ಬೀಸಿ ಬೀಸಿ ಕೆಂಪು ಯೀಸ್ಟಿನ ಕಾಳುಗಳನ್ನು ಒಳಕ್ಕೆ ತಳ್ಳುತ್ತಿದ್ದವು. ತಗ್ಗಿನ ತುದಿಯಲ್ಲಿ ಒಂದು ಗುಳ್ಳೆ ಉಬ್ಬಿತು, ಕಾಳುಗಳು ಅದರೊಳಗೆ ತುಂಬಿದವು, ತುಂಬಿದ ಗುಳ್ಳೆ ಕಳಚಿಕೊಂಡು ಒಳಗೆ ತೇಲಿತು. ಅದರ ಹಿಂದೆಯೇ ಇನ್ನೊಂದು. ಹತ್ತು ನಿಮಿಷದಲ್ಲಿ ಹೊಟ್ಟೆ ತುಂಬಾ ಕೆಂಪು ಉಂಡೆಗಳು. ಅಮ್ಮನೂ ಕನ್ನಡಕ ತೆಗೆದು ಬಗ್ಗಿ ನೋಡಿ, "ಹಲಸಿನ ಬೀಜಕ್ಕೆ ಕುಂಕುಮ ಇಟ್ಟ ಹಾಗಿದೆ" ಅಂದಳು.

ಮೊದಲು ನುಂಗಿದ ಉಂಡೆಯ ಮೇಲೆ ಕಣ್ಣಿಟ್ಟು ಕೂತೆವು. ಸ್ವಲ್ಪ ಕುಗ್ಗಿತು. ಕೆಂಪು ನೇರಳೆ ಆಯಿತು. ಆಮೇಲೆ ನೋಡುತ್ತಿದ್ದ ಹಾಗೇ ನೀಲಿ. ಇಷ್ಟು ಚಿಕ್ಕ ಜೀವಿ ಆ ಗುಳ್ಳೆಯೊಳಗೆ ಹುಳಿ ಹಿಂಡುತ್ತಿದೆ! ಹುಳಿ ಆದಮೇಲೆ ಲೈಸೋಸೋಮ್ ಅನ್ನುವ ಚೀಲಗಳು ಬಂದು ಗುಳ್ಳೆಗೆ ಅಂಟಿ, ಅರಗಿಸುವ ರಸ ಸುರಿಯುತ್ತವಂತೆ. ಆ ಚೀಲಗಳು ನಮಗೆ ಕಾಣಲಿಲ್ಲ.

ನಮ್ಮ ಶ್ವಾಸಕೋಶದ ಕಾವಲು ಕಣಗಳು, ಮ್ಯಾಕ್ರೋಫೇಜ್‌ಗಳು, ಮಾಡೋದೂ ಇದೇ ಕೆಲಸ ಅಂತ ಸಿರಿ ಪುಸ್ತಕ ತೆಗೆದು ತೋರಿಸಿದಳು. ಅವಕ್ಕೆ ಇಂಥ ಕಡೆ ಬಾಯಿ ಅಂತ ಇಲ್ಲ. ಧೂಳೋ ಕ್ರಿಮಿಯೋ ಎಲ್ಲಿ ತಾಗಿತೋ ಅಲ್ಲೇ ಮೈ ಚಾಚಿ, ಸುತ್ತಿ, ಒಳಗೆ ಹಾಕಿಕೊಳ್ಳುತ್ತವೆ. ಆಮೇಲೆ ಅದೇ ಗುಳ್ಳೆ, ಅದೇ ಹುಳಿ, ಅದೇ ಚೀಲ. ಇದನ್ನು ಮೊದಲು ಸರಿಯಾಗಿ ಗುರುತಿಸಿದ್ದು ಮೆಚ್ನಿಕಾಫ್ ಅನ್ನುವ ವಿಜ್ಞಾನಿ, 1882ರ ಡಿಸೆಂಬರಿನಲ್ಲಿ, ಇಟಲಿಯ ಮೆಸ್ಸೀನಾದಲ್ಲಿ. ಮನೆಯವರೆಲ್ಲ ಸರ್ಕಸ್ಸಿಗೆ ಹೋದಾಗ ಒಬ್ಬನೇ ಕೂತು, ಗಾಜಿನಷ್ಟು ತಿಳಿಯಾಗಿರುವ ನಕ್ಷತ್ರಮೀನಿನ ಮರಿಗೆ ಗುಲಾಬಿ ಮುಳ್ಳು ಚುಚ್ಚಿದ. ಬೆಳಗ್ಗೆ ನೋಡಿದರೆ ಮುಳ್ಳಿನ ಸುತ್ತ ಕಣಗಳು ಮುತ್ತಿಕೊಂಡಿದ್ದವು. ಅದೇ ವರ್ಷ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ರಾಬರ್ಟ್ ಕಾಖ್ ಟಿಬಿ ಕ್ರಿಮಿ ಕಂಡುಹಿಡಿದದ್ದನ್ನು ಹೇಳಿದ್ದ. ತಿನ್ನುವವನೂ ತಿನ್ನಿಸಿಕೊಳ್ಳದವನೂ ಒಂದೇ ವರ್ಷ ಬೆಳಕಿಗೆ ಬಂದರು ನೋಡಿ.

"ಹಾಗಾದರೆ ನನ್ನ ಕ್ರಿಮಿ ಯಾಕೆ ಅರಗಲಿಲ್ಲ?" ಅಂದೆ.

ಸಿರಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಲೆನ್ಸ್ ಕಡೆ ಬೊಟ್ಟು ಮಾಡಿ, "ಚಿಕ್ಕಪ್ಪ, ಅದು ಉಂಡೆಯನ್ನ ನೀಲಿ ಆಗೋಕೇ ಬಿಡಲ್ಲ" ಅಂದಳು.

ಅಷ್ಟೇ. ಎಷ್ಟು ತಿಂಗಳಿಂದ ಕೊರೆಯುತ್ತಿದ್ದದ್ದು ಒಂದು ಮಾತಿನಲ್ಲಿ ಕಣ್ಣಿಗೆ ಕಟ್ಟಿತು. ಮ್ಯಾಕ್ರೋಫೇಜ್ ಟಿಬಿ ಕ್ರಿಮಿಯನ್ನು ನುಂಗುತ್ತೆ, ಗುಳ್ಳೆಯೂ ಆಗುತ್ತೆ, ಆದರೆ ಕ್ರಿಮಿ ಒಳಗೆ ಕೂತು ಹುಳಿ ಏರದ ಹಾಗೆ, ಚೀಲಗಳು ಬಂದು ಅಂಟದ ಹಾಗೆ ತಡೆಯುತ್ತೆ. ಹುಳಿ ಅಳೆಯೋ ಪಿಎಚ್ ಅನ್ನೋ ಅಂಕಿ ಇಳಿದಷ್ಟೂ ಹುಳಿ ಜಾಸ್ತಿ; ಅದು 5ಕ್ಕೆ ಇಳಿಯಬೇಕಾದದ್ದು 6ರ ಮೇಲೇ ನಿಂತುಬಿಡುತ್ತೆ. ಊಟದ ಎಲೆ ಮೇಲೆ ಬಡಿಸಿದ್ದು ಎಲೆಯಲ್ಲೇ ಸಂಸಾರ ಹೂಡಿದ ಹಾಗೆ. ಇನ್ನೊಂದು ತಮಾಷೆ ಅಂದರೆ, ಮೊದಲ ಎರಡು ತಿಂಗಳು ನುಂಗಿದ ನಾಲ್ಕು ಔಷಧಿಗಳಲ್ಲಿ ಪೈರಜಿನಮೈಡ್ ಅನ್ನೋದು ಹುಳಿ ಇರುವ ಕಡೆಯೇ ಚೆನ್ನಾಗಿ ಕೆಲಸ ಮಾಡೋದಂತೆ. ಎಲ್ಲೋ ಕೆಲವು ಕಡೆಯಾದರೂ ನನ್ನ ಕಣಗಳು ಹುಳಿ ಹಿಂಡಿರಬೇಕು, ಅಲ್ವಾ.

ಮತ್ತೆ ಕಣ್ಣಿಟ್ಟೆ. ಹನಿ ಒಣಗುತ್ತಿತ್ತು, ಸಿರಿ ಗಾಜಿನ ಅಂಚಿಗೆ ಇನ್ನೊಂದು ತೊಟ್ಟು ನೀರು ಬಿಟ್ಟಳು. ಹಳೇ ಉಂಡೆಗಳು ನೀಲಿಯಿಂದ ಮತ್ತೆ ಕೆಂಪಿನ ಕಡೆಗೆ ತಿರುಗಿದ್ದವು, ಒಳಗೆ ಸುತ್ತು ಹಾಕುತ್ತಿದ್ದವು. ಮುಕ್ಕಾಲು ಗಂಟೆ ಆಗಿತ್ತೇನೋ, ಅವುಗಳಲ್ಲಿ ಒಂದು ಹಿಂಭಾಗದ ಹತ್ತಿರ ಬಂತು, ಅಲ್ಲಿ ಮೈ ಸಣ್ಣಗೆ ಬಿರಿಯಿತು, ಒಳಗಿದ್ದ ಚರಟ ಪಟ್ಟಂತ ನೀರಿಗೆ ಬಿತ್ತು. ಸಿರಿ ಚಪ್ಪಾಳೆ ತಟ್ಟಿದಳು, ನಾನೂ ತಟ್ಟಿದೆ.

"ಏನಾಯ್ತು?" ಅಂತ ಅಮ್ಮ ಅಡುಗೆಮನೆಯಿಂದ ಕೂಗಿದಳು. ಹೇಳಿದೆವು.

"ಬೆಳಗ್ಗೆಯಿಂದ ತಿಂಡಿ ಬಿಟ್ಟು ಕೂತು ನೋಡಿದ್ದು ಇದನ್ನಾ?" ಅಂತ ಅಂದು, ಇಡ್ಲಿ ತಟ್ಟೆ ತಂದು ಮೈಕ್ರೋಸ್ಕೋಪಿನ ಪಕ್ಕ ಕುಕ್ಕಿದಳು.