ಮಕ್ಕಳ ಜೊತೆ ಸಿಂಗಪುರದ ಕಾನ್ಸರ್ಟ್‌ಗೆ: ಟಿಕೆಟ್‌ಗಿಂತ ಮೊದಲು ಪಾಸ್‌ಪೋರ್ಟ್ ತೆಗೆದು ನೋಡಿ

ದೊಡ್ಡ ಗಾಯಕರು ಏಷ್ಯಾ ಕಡೆ ಬಂದರೆ ಸಿಂಗಪುರದಲ್ಲಿ ಹಾಡದೆ ಹೋಗುವುದು ಕಡಿಮೆ. 2024ರ ಜನವರಿಯಲ್ಲಿ ಕೋಲ್ಡ್‌ಪ್ಲೇ ಅಲ್ಲಿ ಆರು ರಾತ್ರಿ ಹಾಡಿತು, ಮಾರ್ಚ್‌ನಲ್ಲಿ ಟೇಲರ್ ಸ್ವಿಫ್ಟ್ ಆರು ರಾತ್ರಿ ಹಾಡಿದರು. ಬೆಂಗಳೂರಿನಿಂದ ನೇರ ವಿಮಾನದಲ್ಲಿ ಸುಮಾರು ನಾಲ್ಕೂವರೆ ಗಂಟೆಯ ದಾರಿ. ಹೀಗಿರುವಾಗ ಮನೆಯಲ್ಲಿ ಹದಿನಾಲ್ಕು, ಹದಿನೈದರ ಮಗಳೋ ಮಗನೋ ಇದ್ದರೆ ಈ ಮಾತು ಊಟದ ಹೊತ್ತಿಗೆ ಬಂದೇ ಬರುತ್ತದೆ. ಖಂಡಿತ ಹೋಗಬಹುದು. ಆದರೆ ಬೇರೆ ಪ್ರವಾಸದಲ್ಲಿ ಒಂದು ದಿನ ಆಚೀಚೆಯಾದರೆ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ. ಆ ಒಂದು ಸಂಜೆ ತಪ್ಪಿದರೆ ಹಾಕಿದ ದುಡ್ಡೆಲ್ಲ ನೀರಿನಲ್ಲಿ ಮಾಡಿದ ಹೋಮ. ಅದಕ್ಕೇ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬುದು ಮುಖ್ಯ.

ಮೊದಲು ಪರೀಕ್ಷೆಯ ವೇಳಾಪಟ್ಟಿ ನೋಡಿ. ಟೇಲರ್ ಸ್ವಿಫ್ಟ್ ಹಾಡಿದ್ದು ಮಾರ್ಚ್ 2ರಿಂದ 9ರ ನಡುವೆ. ಆ ವರ್ಷ ನಮ್ಮ ರಾಜ್ಯದಲ್ಲಿ ದ್ವಿತೀಯ ಪಿಯು ಪರೀಕ್ಷೆ ಶುರುವಾದದ್ದು ಮಾರ್ಚ್ 1ಕ್ಕೆ. ಎಸ್ಸೆಸ್ಸೆಲ್ಸಿ, ಪಿಯು ಮಕ್ಕಳಿಗೆ ಜನವರಿಯಿಂದ ಮಾರ್ಚ್‌ವರೆಗಿನ ಶೋ ಬೇಡವೇ ಬೇಡ.

ಆಮೇಲೆ ಪಾಸ್‌ಪೋರ್ಟ್. ಹೆಚ್ಚಿನವರು ಎಡವುವುದು ಇಲ್ಲೇ. ದೊಡ್ಡವರದು ಹತ್ತು ವರ್ಷದ್ದಿರುತ್ತದೆ, ಮಕ್ಕಳದು ಸಾಮಾನ್ಯವಾಗಿ ಐದೇ ವರ್ಷದ್ದು. ಹತ್ತನೇ ವಯಸ್ಸಿನಲ್ಲಿ ಮಾಡಿಸಿದ್ದು ಹದಿನೈದಕ್ಕೆ ಮುಗಿಯುತ್ತದೆ, ಅಂದರೆ ಸರಿಯಾಗಿ ಈ ಆಸೆ ಹುಟ್ಟುವ ವಯಸ್ಸಿಗೆ. ಸಿಂಗಪುರಕ್ಕೆ ಕಾಲಿಡುವ ದಿನದಿಂದ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಇಲ್ಲದಿದ್ದರೆ ಟಿಕೆಟ್ ಮಾರಾಟಕ್ಕೂ ಮೊದಲೇ ನವೀಕರಣಕ್ಕೆ ಹಾಕಿ. ಹದಿನೈದು ತುಂಬಿದವರು ಹತ್ತು ವರ್ಷದ್ದನ್ನೇ ಕೇಳಿ ಪಡೆಯಬಹುದು.

ಟಿಕೆಟ್ ಮಾರಾಟದ ಸಮಯ ಸಿಂಗಪುರದ ಗಡಿಯಾರದ ಪ್ರಕಾರ. ಅದು ನಮಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ಬೆಳಗ್ಗೆ 10 ಅಂದರೆ ಇಲ್ಲಿ 7.30, ಸ್ಕೂಲ್ ವ್ಯಾನ್ ಬರುವ ಹೊತ್ತು. ಹಿಂದಿನ ದಿನವೇ ಖಾತೆ ತೆರೆದು, ಲಾಗಿನ್ ಆಗಿ, ಕಾರ್ಡ್ ಸಿದ್ಧ ಮಾಡಿಟ್ಟುಕೊಳ್ಳಿ. ಸಿದ್ಧ ಮಾಡುವುದು ಅಂದರೆ ಬ್ಯಾಂಕಿನ ಆ್ಯಪ್‌ನಲ್ಲಿ ‘ಇಂಟರ್‌ನ್ಯಾಷನಲ್’ ಮತ್ತು ‘ಆನ್‌ಲೈನ್’ ಎರಡನ್ನೂ ಆನ್ ಮಾಡಿ, ಮಿತಿಯನ್ನು ಟಿಕೆಟ್‌ಗಳ ಒಟ್ಟು ಮೊತ್ತಕ್ಕಿಂತ ಮೇಲಕ್ಕೆ ಇಡುವುದು. ರಿಸರ್ವ್ ಬ್ಯಾಂಕ್ ನಿಯಮದಂತೆ ಹೊಸ ಕಾರ್ಡ್‌ಗಳಲ್ಲಿ ವಿದೇಶಿ ವ್ಯವಹಾರ ತಾನಾಗಿ ಚಾಲೂ ಇರುವುದಿಲ್ಲ. ಒಂದು ಗಂಟೆ ಸರದಿಯಲ್ಲಿ ಕಾದು, ಸೀಟೂ ಸಿಕ್ಕಿ, ಹಣ ಕಟ್ಟುವಾಗ ಕಾರ್ಡ್ ತಿರಸ್ಕಾರವಾಗುವುದು ಬಹುಪಾಲು ಇದೇ ಕಾರಣಕ್ಕೆ. ಸೀಟನ್ನು ಕೆಲವೇ ನಿಮಿಷ ಹಿಡಿದಿಟ್ಟು ಬಿಟ್ಟುಬಿಡುತ್ತಾರೆ. ಬೇರೆ ಬ್ಯಾಂಕಿನ ಇನ್ನೊಂದು ಕಾರ್ಡ್ ಪಕ್ಕದಲ್ಲಿರಲಿ.

ನಿಂತು ನೋಡುವ ಜಾಗಕ್ಕೆ ವಯಸ್ಸು ಅಥವಾ ಎತ್ತರದ ಮಿತಿ ಇರಬಹುದು, ಪ್ರತಿ ಶೋಗೂ ಬೇರೆ ಬೇರೆ. ಮಿತಿ ದಾಟಿದ ಮಕ್ಕಳಿಗೂ ಮೊದಲ ಸಲ ಕುರ್ಚಿಯೇ ಒಳ್ಳೆಯದು. ನಿಲ್ಲುವ ಜಾಗದಲ್ಲಿ ಮುಂದೆ ಹೋಗಬೇಕಾದರೆ ಮಧ್ಯಾಹ್ನದಿಂದಲೇ ಬಿಸಿಲಲ್ಲಿ ನಿಲ್ಲಬೇಕು, ಶೌಚಾಲಯಕ್ಕೆ ಹೋಗಿ ಬಂದರೆ ಜಾಗ ಇರುವುದಿಲ್ಲ. ಟಿಕೆಟ್ ಸಿಗಲಿಲ್ಲವೆಂದು ಮಕ್ಕಳು ಸೋಷಿಯಲ್ ಮೀಡಿಯಾದಲ್ಲಿ ಮಾರುವವರನ್ನು ಹುಡುಕಲು ಹೊರಡುತ್ತಾರೆ. ಅಲ್ಲಿ ಒಂದು ರೂಪಾಯಿಯನ್ನೂ ಕಳಿಸಬಾರದು. ಸ್ಕ್ರೀನ್‌ಶಾಟ್ ತೋರಿಸಿ ಒಂದೇ ಟಿಕೆಟ್ಟನ್ನು ಹತ್ತು ಜನಕ್ಕೆ ಮಾರುವ ಮೋಸ ಎಲ್ಲ ದೊಡ್ಡ ಶೋಗಳಲ್ಲೂ ನಡೆಯುತ್ತದೆ.

ಟಿಕೆಟ್ ಮಾರಾಟದ ಹಿಂದಿನ ದಿನವೇ ಉಚಿತವಾಗಿ ರದ್ದು ಮಾಡಬಹುದಾದ ಹೋಟೆಲೊಂದನ್ನು ಹಿಡಿದಿಡಿ. ಟಿಕೆಟ್ ಸಿಗದಿದ್ದರೆ ಬಿಟ್ಟರಾಯಿತು, ಸಿಕ್ಕ ಮೇಲೆ ಹುಡುಕಿದರೆ ದರ ಏರಿರುತ್ತದೆ. ಜಾಗ ಆರಿಸುವಾಗ ವಾಪಸ್ ಬರುವ ರಾತ್ರಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಇಂಥ ದೊಡ್ಡ ಶೋಗಳು ನಡೆಯುವ ನ್ಯಾಷನಲ್ ಸ್ಟೇಡಿಯಂ ಇರುವುದು ಕಲ್ಲಾಂಗ್‌ನಲ್ಲಿ. ಲ್ಯಾವೆಂಡರ್, ಬುಗಿಸ್, ಪಾಯಾ ಲೇಬಾರ್ ಸುತ್ತಮುತ್ತ ಉಳಿದರೆ ಮೆಟ್ರೊದಲ್ಲಿ ಕೆಲವೇ ನಿಲ್ದಾಣ. ಸಸ್ಯಾಹಾರಿಗಳಿಗೆ ಲಿಟ್ಲ್ ಇಂಡಿಯಾ ಅನುಕೂಲ. ಸೆರಂಗೂನ್ ರಸ್ತೆಯ ಕೋಮಳ ವಿಲಾಸ್ 1947ರಿಂದ ದೋಸೆ ಹಾಕುತ್ತಿದೆ.

ಭಾರತೀಯರಿಗೆ ಅಲ್ಲಿನ ವೀಸಾ ಬೇಕು, ಅಧಿಕೃತ ಏಜೆಂಟ್ ಮೂಲಕ ಹಾಕಬೇಕು. ಸರ್ಕಾರಿ ಶುಲ್ಕ 30 ಸಿಂಗಪುರ ಡಾಲರ್, ಅದರ ಮೇಲೆ ಏಜೆಂಟರದು. 14ಎ ಅರ್ಜಿ, ಬಿಳಿ ಹಿನ್ನೆಲೆಯ 35x45 ಮಿ.ಮೀ. ಫೋಟೊ, ವಿಮಾನ ಮತ್ತು ಹೋಟೆಲಿನ ಬುಕಿಂಗ್ ಬೇಕಾಗುತ್ತವೆ. ಮಗುವಿಗೆ ಜನನ ಪ್ರಮಾಣಪತ್ರವನ್ನೂ ಸೇರಿಸಿ. ತಂದೆ ತಾಯಿಯಲ್ಲಿ ಒಬ್ಬರೇ ಕರೆದುಕೊಂಡು ಹೋಗುತ್ತಿದ್ದರೆ ಇನ್ನೊಬ್ಬರ ಒಪ್ಪಿಗೆ ಪತ್ರ ಕೈಲಿರಲಿ. ಚಿಕ್ಕಮ್ಮನೋ ಸೋದರಮಾವನೋ ಕರೆದೊಯ್ಯುವುದಾದರೆ ಇಬ್ಬರದೂ ಬೇಕು. ವೀಸಾ ಹಾಕುವುದು ಪ್ರವಾಸದ ಹಿಂದಿನ ತಿಂಗಳಲ್ಲಿ. ಅಂದರೆ ಕಾನ್ಸರ್ಟ್ ಟಿಕೆಟ್, ವಿಮಾನ ಎಲ್ಲದಕ್ಕೂ ದುಡ್ಡು ಕೊಟ್ಟಾದ ಮೇಲೆ. ಹಾಗಾಗಿ ದಾಖಲೆಗಳಲ್ಲಿ ಹೆಸರಿನ ಇನಿಶಿಯಲ್, ಜನ್ಮದಿನಾಂಕ ಹೊಂದುತ್ತವೆಯೇ ಎಂದು ಮುಂಚೆಯೇ ನೋಡಿ. ವಿಮಾನದ ಟಿಕೆಟ್ ಸ್ವಲ್ಪ ದುಬಾರಿಯಾದರೂ ದಿನ ಬದಲಿಸಲು ಬರುವಂಥದ್ದಿರಲಿ. ಇಳಿಯುವ ಮುಂಚಿನ ಮೂರು ದಿನದೊಳಗೆ (ಇಳಿಯುವ ದಿನವೂ ಸೇರಿ) ‘ಎಸ್‌ಜಿ ಅರೈವಲ್ ಕಾರ್ಡ್’ ಅನ್ನು ಆನ್‌ಲೈನ್‌ನಲ್ಲಿ ತುಂಬಬೇಕು. ಅದು ಉಚಿತ. ಹಣ ಕೇಳುವ ತಾಣ ಕಂಡರೆ ಅದು ಸರ್ಕಾರದ್ದಲ್ಲ ಎಂದು ತಿಳಿಯಿರಿ.

ಮೂರು ರಾತ್ರಿ ಸಾಕು: ಮೊದಲ ದಿನ ತಲುಪುವುದು, ಎರಡನೆಯ ಸಂಜೆ ಕಾನ್ಸರ್ಟ್, ಮೂರನೆಯ ದಿನ ಊರು ನೋಡುವುದು, ನಾಲ್ಕನೆಯ ದಿನ ವಾಪಸ್. ಕಾನ್ಸರ್ಟ್ ದಿನವೇ ಇಳಿಯುವ ಯೋಚನೆ ಬೇಡ, ವಿಮಾನ ತಡವಾದರೆ ಮಾಡುವಂಥದ್ದೇನೂ ಇರುವುದಿಲ್ಲ. ಅದೇ ರಾತ್ರಿಯ ವಿಮಾನಕ್ಕೆ ಓಡುವುದೂ ಬೇಡ.

ಹೊರಡುವ ಮುಂಚೆ ಮಕ್ಕಳ ಬ್ಯಾಗನ್ನು ಅವರೆದುರೇ ಕೂತು ನೋಡಿ. ಚ್ಯೂಯಿಂಗ್ ಗಮ್ ಸಿಂಗಪುರಕ್ಕೆ ಒಯ್ಯುವಂತಿಲ್ಲ. ವೇಪ್, ಅಂದರೆ ಇ-ಸಿಗರೇಟ್, ಇಟ್ಟುಕೊಳ್ಳುವುದೇ ಅಪರಾಧ. ಗೆಳೆಯರು ಕೊಟ್ಟದ್ದು ಎಂಬ ಮಾತು ಅಲ್ಲಿ ನಡೆಯದು ಎಂದು ಬಿಡಿಸಿ ಹೇಳಿ. ಪವರ್ ಬ್ಯಾಂಕ್ ಕ್ಯಾಬಿನ್ ಬ್ಯಾಗಿನಲ್ಲೇ ಇರಬೇಕು. ಅಲ್ಲಿನ ಪ್ಲಗ್ ಮೂರು ಚಪ್ಪಟೆ ಪಿನ್ನಿನದು, ಅಡಾಪ್ಟರ್ ಬೇಕು. ಮೆಟ್ರೊದಲ್ಲಿ ವಿದೇಶಿ ಬ್ಯಾಂಕ್ ಕಾರ್ಡನ್ನೇ ತಟ್ಟಿ ಹೋಗಬಹುದು, ಆದರೆ ಒಂದು ಕಾರ್ಡಿಗೆ ಒಬ್ಬರೇ. ಮಗುವಿಗೆ ಬೇರೆ ಪ್ರಯಾಣದ ಕಾರ್ಡ್ ಕೊಳ್ಳಿ. ಜನಜಂಗುಳಿಯಲ್ಲಿ ಬೇರೆಯಾದರೂ ಹೋಟೆಲ್ ತಲುಪಲು ಅದೇ ಆಸರೆ. ರೈಲಿನಲ್ಲಿ ನೀರು ಕುಡಿದರೂ ದಂಡವಿದೆ.

ಕಾನ್ಸರ್ಟ್ ದಿನ ಮಧ್ಯಾಹ್ನ ಹೋಟೆಲಿನಲ್ಲೇ ಇರಿ. ಫೋನ್ ತುಂಬಿ ಚಾರ್ಜ್ ಆಗಲಿ. ಟಿಕೆಟ್ ಇರುವುದು ಅದರಲ್ಲೇ. ಟಿಕೆಟ್ಟನ್ನು ಹೋಟೆಲಿನ ವೈಫೈ ಇದ್ದಾಗಲೇ ಆ್ಯಪ್‌ನಲ್ಲಿ ತೆರೆದಿಡಿ, ಗೇಟಿನ ಹತ್ತಿರ ಸಾವಿರಾರು ಫೋನ್ ಸೇರಿದಾಗ ನೆಟ್‌ವರ್ಕ್ ಸೋಲುತ್ತದೆ.

ಕಿವಿಯ ವಿಷಯ ನಮ್ಮಲ್ಲಿ ಯಾರೂ ಹೇಳುವುದಿಲ್ಲ, ಅದಕ್ಕೇ ಇಲ್ಲಿ ಸ್ವಲ್ಪ ಹೆಚ್ಚು ಹೇಳಬೇಕಾಗಿದೆ. 85 ಡೆಸಿಬಲ್ ಸದ್ದನ್ನು ಕಿವಿ ಎಂಟು ಗಂಟೆ ತಾಳಬಲ್ಲದು. ಅಲ್ಲಿಂದ ಪ್ರತಿ ಮೂರು ಡೆಸಿಬಲ್‌ಗೆ ಆ ಅವಧಿ ಅರ್ಧವಾಗುತ್ತದೆ, 100 ಡೆಸಿಬಲ್‌ಗೆ ಬರುವಾಗ ಉಳಿಯುವುದು ಕಾಲು ಗಂಟೆ. ಅಷ್ಟು ಸದ್ದಿನ ಕಾನ್ಸರ್ಟ್ ಎರಡರಿಂದ ಮೂರು ಗಂಟೆಯದು. ಸ್ಪಂಜಿನ ಇಯರ್‌ಪ್ಲಗ್ ಅಗ್ಗಕ್ಕೆ ಸಿಗುತ್ತದೆ, ಆದರೆ ಕಿವಿಯ ಬಾಯಲ್ಲಿ ಸುಮ್ಮನೆ ಸಿಕ್ಕಿಸಿಕೊಂಡರೆ ಪ್ರಯೋಜನವಿಲ್ಲ. ಬೆರಳಲ್ಲಿ ಹೊಸೆದು ಹೂಬತ್ತಿಯಷ್ಟು ತೆಳ್ಳಗೆ ಮಾಡಬೇಕು. ಇನ್ನೊಂದು ಕೈಯನ್ನು ತಲೆಯ ಮೇಲಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗೆ ಜಾರಿಸಿ, ಉಬ್ಬಿ ತುಂಬುವವರೆಗೆ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಮನೆಯಲ್ಲೇ ಎರಡು ಸಲ ಅಭ್ಯಾಸ ಮಾಡಿಸಿ. ಹಾಡು ಚೆನ್ನಾಗಿಯೇ ಕೇಳುತ್ತದೆ ಎಂದು ಗೊತ್ತಾದರೆ ಮಕ್ಕಳು ತೆಗೆದು ಬಿಸಾಕುವುದಿಲ್ಲ.

ಮುಗಿದ ಮೇಲೆ ಹೊರಬರುವುದೇ ದೊಡ್ಡ ಕೆಲಸ. 55,000 ಜನರ ಕ್ರೀಡಾಂಗಣ, ಎಲ್ಲರ ಕಾಲೂ ಪಕ್ಕದ ಸ್ಟೇಡಿಯಂ ನಿಲ್ದಾಣದ ಕಡೆಗೇ. ಆ ಸಾಲು ಬಿಟ್ಟು ಕಲ್ಲಾಂಗ್ ನಿಲ್ದಾಣಕ್ಕೆ ಕಾಲು ಗಂಟೆ ನಡೆಯಿರಿ, ಅಲ್ಲಿಂದ ಲ್ಯಾವೆಂಡರ್ ಒಂದೇ ನಿಲ್ದಾಣ, ಬುಗಿಸ್ ಎರಡು. ಇನ್ನೊಂದು ದಿಕ್ಕಿನಲ್ಲಿ ಮೌಂಟ್‌ಬ್ಯಾಟನ್ ನಿಲ್ದಾಣವೂ ನಡೆಯುವಷ್ಟೇ ದೂರ. ರೈಲು ಓಡುವುದು ಸುಮಾರು ಮಧ್ಯರಾತ್ರಿವರೆಗೆ, ಕೊನೆಯ ರೈಲಿನ ಸಮಯವನ್ನು ಹಗಲಲ್ಲೇ ನೋಡಿಟ್ಟುಕೊಳ್ಳಿ. ತಪ್ಪಿಸಿಕೊಂಡರೆ ಸೇರುವ ಜಾಗವನ್ನು ಒಳಗೆ ಹೋಗುವಾಗಲೇ ಗೊತ್ತುಮಾಡಿ, ‘ಗೇಟ್ ಹತ್ತಿರ’ ಎಂದಷ್ಟೇ ಹೇಳದೆ ಗೇಟಿನ ಸಂಖ್ಯೆಯ ಫೋಟೊವನ್ನು ಇಬ್ಬರ ಫೋನಿನಲ್ಲೂ ಇಟ್ಟುಕೊಳ್ಳಿ. ಹೋಟೆಲ್ ಸೇರಿದ ಮೇಲೆ ಮಕ್ಕಳಿಗೆ ವಿಪರೀತ ಹಸಿವು. ಅಷ್ಟು ಹೊತ್ತಿಗೆ ಸಸ್ಯಾಹಾರ ಹುಡುಕಿ ಅಲೆಯುವ ಬದಲು ಮಧ್ಯಾಹ್ನವೇ ಮೊಸರನ್ನವನ್ನೋ ಬ್ರೆಡ್ಡು ಬಾಳೆಹಣ್ಣನ್ನೋ ತಂದು ಕೋಣೆಯ ಫ್ರಿಜ್‌ನಲ್ಲಿಟ್ಟಿರಿ.