ನಿಮಗೆ ಒಂದೇ ಜಾಯಿಂಟು ಸಾರ್

ಈ ವಾರ ನಮ್ಮ ಹಳೆಯ ಪದ್ಮಿನಿ ಕಾರಿಗೆ ಹೊಸ ಸೈಲೆನ್ಸರ್ ಮಾಡಿಸಿದೆವು. ಶಿವಮೊಗ್ಗದಲ್ಲಿ ಎಷ್ಟು ಹುಡುಕಿದರೂ ಅಳತೆಗೆ ಸರಿಯಾದದ್ದು ಸಿಗಲಿಲ್ಲ. ನಾವೇ ಚಿತ್ರ ಬರೆದುಕೊಂಡು, ತಗಡು ತಂದು, ಪರಿಚಯದ ವೆಲ್ಡಿಂಗ್ ಅಂಗಡಿಯಲ್ಲಿ ಕೂತು ಮಾಡಿಸಿದ್ದು. ಕಾರು ಈಗ ಚೆನ್ನಾಗಿದೆ. ಆದರೆ ಆ ಅಂಗಡಿಯಲ್ಲಿ ಕೇಳಿದ ಒಂದು ಮಾತು ಇನ್ನೂ ನನ್ನನ್ನು ಬಿಟ್ಟಿಲ್ಲ.

ಹಳೆಯ ಸೈಲೆನ್ಸರ್ ಬಿಚ್ಚಿ ಓರೆ ಮಾಡಿದಾಗ ಒಳಗಿಂದ ಕಂದು ನೀರು ಸುರಿಯಿತು. ಅದರ ಹಿಂದೆಯೇ ತುಕ್ಕಿನ ಚಕ್ಕೆಗಳು. ಸೈಲೆನ್ಸರ್ ಬಿಸಿಗೆ ಸುಟ್ಟು ಹಾಳಾಗುತ್ತದೆ ಅಂತ ತುಂಬ ಜನ ತಿಳಿದಿದ್ದಾರೆ. ಅದನ್ನು ಜಾಸ್ತಿ ತಿನ್ನುವುದು ನೀರು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರಿನಷ್ಟೇ ನೀರು ಆವಿಯಾಗಿ ಹೊರಗೆ ಬರುತ್ತದೆ. ದೂರ ಓಡಿಸಿದರೆ ಡಬ್ಬ ಕಾದು ಆ ಆವಿ ಹಾಗೇ ಹೊರಟುಹೋಗುತ್ತದೆ. ಗಾಂಧಿ ಬಜಾರಿಗೆ ಹೋಗಿ ತರಕಾರಿ ತಂದು ನಿಲ್ಲಿಸಿದರೆ ಡಬ್ಬ ಕಾಯುವುದೇ ಇಲ್ಲ. ಆವಿ ಒಳಗೇ ತಣಿದು ನೀರಾಗಿ, ಹೊಗೆಯಲ್ಲಿರುವ ಆಮ್ಲದ ಜೊತೆ ಸೇರಿ ತಳದಲ್ಲಿ ನಿಲ್ಲುತ್ತದೆ. ಮಲೆನಾಡಿನ ಮಳೆ ಹೊರಗಿನಿಂದ ತಿಂದರೆ ಇದು ಒಳಗಿನಿಂದ ತಿನ್ನುತ್ತದೆ. ಹಾಗಾಗಿ ಹೊಸದರ ಅತಿ ತಗ್ಗಿನ ಜಾಗದಲ್ಲಿ ನೀರು ಸೋರಲು ಮೂರು ಎಂಎಂನ ತೂತು ಇಡಿಸಿದೆವು.

ಈಗ ತಗಡಿನ ವಿಷಯ. ಸಾದಾ ಕಬ್ಬಿಣದ ಶೀಟು ಅಗ್ಗ, ಬೆಸೆಯಲು ಸುಲಭ, ಆದರೆ ಬೇಗ ಹೋಗುತ್ತದೆ. ಕಾರು ಕಂಪನಿಗಳು ಹೆಚ್ಚಾಗಿ ಬಳಸುವುದು 409 ಎಂಬ ಸ್ಟೇನ್‌ಲೆಸ್ ಸ್ಟೀಲ್. ಅದು ನಮ್ಮಂಥವರಿಗೆ ಬಿಡಿಯಾಗಿ ಸಿಗುವುದು ಕಷ್ಟ. ಅಂಗಡಿಯಲ್ಲಿ ಸಿಗುವುದು ಎರಡು, 304 ಮತ್ತು 202. ಮನೆಮನೆಯ ಮೆಟ್ಟಿಲ ರೇಲಿಂಗಿಗೆ ಹಾಕುವ 202ರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ. ಹೊಳಪು ಅದೇ, ಬಾಳಿಕೆ ಕಡಿಮೆ. ಅಂಗಡಿಯವನು ಆಯಸ್ಕಾಂತ ಹಿಡಿದು, 'ನೋಡಿ, ಅಂಟಲ್ಲ, ಒರಿಜಿನಲ್' ಅಂದ. ಆ ಪರೀಕ್ಷೆಯನ್ನು ದಯವಿಟ್ಟು ಯಾರೂ ನಂಬಬೇಡಿ. ಅಗ್ಗದ 202ಕ್ಕೂ ಆಯಸ್ಕಾಂತ ಅಂಟುವುದಿಲ್ಲ. ಕಂಪನಿಯವರೇ ಬಳಸುವ 409ಕ್ಕೆ ಚೆನ್ನಾಗಿ ಅಂಟುತ್ತದೆ. ಬಿಲ್ಲಿನಲ್ಲಿ 304 ಅಂತ ಬರೆಸಿಕೊಂಡು 1.2 ಎಂಎಂ ಶೀಟು ತಂದೆವು. ಇದಕ್ಕೆ ಹಿಗ್ಗುವ ಗುಣ ಜಾಸ್ತಿ. ಒಂದು ಮೀಟರ್ ಪೈಪು ಮುನ್ನೂರು ಡಿಗ್ರಿ ಬಿಸಿ ಏರಿದರೆ ಸುಮಾರು ಐದು ಎಂಎಂ ಉದ್ದವಾಗುತ್ತದೆ. ಗಟ್ಟಿಯಾಗಿ ಬೋಲ್ಟ್ ಬಿಗಿದರೆ ಎಲ್ಲಾದರೂ ಬಿರುಕು ಬಿಡುವುದು ಖಂಡಿತ. ರಬ್ಬರ್ ಹ್ಯಾಂಗರಿನಲ್ಲೇ ನೇತುಹಾಕಬೇಕು.

ಒಳಗಿನ ರಚನೆಯನ್ನು ಹಳೆಯದನ್ನು ಕೊಯ್ದು ನೋಡಿ ಕಲಿತೆವು. ನಮ್ಮದು 1089 ಸಿಸಿಯ ನಾಲ್ಕು ಸಿಲಿಂಡರ್ ಇಂಜಿನ್. ಮೂರು ಸಾವಿರ ಆರ್‌ಪಿಎಂನಲ್ಲಿ ಸೆಕೆಂಡಿಗೆ ನೂರು ಸಲ ಹೊಗೆ ಗುದ್ದಿಕೊಂಡು ಹೊರಗೆ ಬರುತ್ತದೆ. ಸಣ್ಣ ಪೈಪಿನಿಂದ ದೊಡ್ಡ ಕೋಣೆಗೆ ಬಿಟ್ಟಾಗ ಆ ಗುದ್ದಿನ ಜೋರು ಇಳಿಯುತ್ತದೆ. ಕೋಣೆಯ ಗೋಡೆಗೆ ಬಡಿದು ವಾಪಸ್ ಬಂದ ಸದ್ದು ಮುಂದಿನ ಸದ್ದನ್ನು ಒಂದಷ್ಟು ಅಳಿಸುತ್ತದೆ. ಉಳಿದ ಚೀರುವ ಸದ್ದನ್ನು ಹೀರಲು ತೂತಿನ ಪೈಪಿನ ಸುತ್ತ ಮೊದಲು ಸ್ಟೇನ್‌ಲೆಸ್ ಎಳೆಗಳ ವುಲ್, ಅದರ ಮೇಲೆ ಕಲ್ಲಿನ ಎಳೆಗಳ ರಾಕ್ ವುಲ್ ಸುತ್ತಿದೆವು. ಎಸಿ ಡಕ್ಟಿಗೆ ಹಾಕುವ ಗ್ಲಾಸ್ ವುಲ್ ಬೇಡ ಅಂತ ಮೊದಲೇ ನಿರ್ಧಾರವಾಗಿತ್ತು. ಅದರಲ್ಲಿರುವ ಅಂಟು ಬಿಸಿಗೆ ಸುಟ್ಟು ವಾಸನೆ ಬರುತ್ತದೆ, ಆಮೇಲೆ ಗಾಜಿನ ಎಳೆಗಳು ಹಾರಿಹೋಗುತ್ತವೆ. ಅಳತೆ, ಕೋಣೆಗಳ ಸಂಖ್ಯೆ ಎಲ್ಲ ಹಳೆಯದರಂತೆಯೇ ಇಟ್ಟೆವು. ಸೈಲೆನ್ಸರ್ ಸದ್ದನ್ನು ಸಾಧ್ಯವಾದಷ್ಟು ತಗ್ಗಿಸಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮ 120 ಹೇಳುತ್ತದೆ. ರಾತ್ರಿ ಬೀದಿಯಲ್ಲಿ ಪಟಪಟ ಅನ್ನಿಸಿಕೊಂಡು ಹೋಗುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಎಲ್ಲ ಮುಗಿದು ಹಿಂದಿನ ತುಂಡು ಪೈಪು ಮಾತ್ರ ಉಳಿದಿತ್ತು. ಅಷ್ಟರಲ್ಲಿ ಭಾವ ಬಂದರು. ಕೈಯಲ್ಲಿ ಮನೆ ಕಟ್ಟಿದಾಗ ಉಳಿದ ಒಂದೂವರೆ ಇಂಚಿನ ಜಿಐ ಪೈಪು, ಅಂದರೆ ತುಕ್ಕು ತಡೆಯಲು ಲೇಪ ಹಾಕಿದ ಕಬ್ಬಿಣದ ಪೈಪು. ಭಾವ ಒಳ್ಳೆಯ ಮನುಷ್ಯ. ಯಾರಿಗೆ ಕಷ್ಟ ಅಂದರೂ ಮೊದಲು ಹೋಗಿ ನಿಲ್ಲುತ್ತಾರೆ. ಆದರೆ ಮನೆಯಲ್ಲಿರುವ ವಸ್ತುವನ್ನು ಬಿಟ್ಟು ಹೊಸದನ್ನು ಕೊಳ್ಳುವುದು ಅವರಿಗೆ ಸಹಿಸಲಾಗದ ಮಾತು.

"ಹೇಗೂ ಹಿಂದಿನ ತುದಿ. ಅಷ್ಟು ಬಿಸಿಯಾಗಲ್ಲ. ಇದನ್ನೇ ಸೇರಿಸು" ಅಂದರು.

ವೆಲ್ಡರ್ ಪೈಪನ್ನು ತಿರುಗಿಸಿ ನೋಡಿ ಕೆಳಗಿಟ್ಟರು. "ಜಿಐ ಬೇಡ ಸಾರ್."

"ಒಂದೇ ಒಂದು ಜಾಯಿಂಟು ಅಲ್ವಾ ಮಾರಾಯ, ಹೊಡೆದುಬಿಡು."

ಅವರು ಹೆಲ್ಮೆಟ್ಟನ್ನು ಹಣೆಗೆ ಸರಿಸಿದರು. ಮುಖದಲ್ಲಿ ಸಿಟ್ಟಿರಲಿಲ್ಲ. "ನಿಮಗೆ ಒಂದೇ ಜಾಯಿಂಟು ಸಾರ್. ನನಗೆ ರಾತ್ರಿಯೆಲ್ಲ ಚಳಿಜ್ವರ."

ಭಾವನ ಲೆಕ್ಕ ಪೂರ್ತಿ ತಪ್ಪಾಗಿರಲಿಲ್ಲ. ಹಿಂದಿನ ತುದಿಯ ಬಿಸಿಯನ್ನು ಜಿಐ ಕೆಲ ಕಾಲ ತಡೆದೀತು. ತೊಂದರೆ ಇರುವುದು ಬೆಸೆಯುವ ಹೊತ್ತಿನಲ್ಲಿ. ಜಿಐ ಮೇಲಿನ ಲೇಪ ಸತುವಿನದು. ಸತು 419 ಡಿಗ್ರಿಗೆ ಕರಗುತ್ತದೆ, 907ಕ್ಕೆ ಕುದಿಯುತ್ತದೆ. ವೆಲ್ಡಿಂಗ್ ಕಿಡಿಯ ಬಿಸಿ ಅದರ ಎಷ್ಟೋ ಪಟ್ಟು. ಸತು ಆವಿಯಾಗಿ, ಗಾಳಿಗೆ ಸೇರಿ, ಬಿಳಿ ಹೊಗೆಯಾಗುತ್ತದೆ. ಹತ್ತಿಯ ಎಳೆಗಳಂತೆ ತೇಲುತ್ತದೆ. ಅದನ್ನು ಉಸಿರಾಡಿದವರಿಗೆ ಕೂಡಲೇ ಏನೂ ಆಗುವುದಿಲ್ಲ. ಕೆಲವು ಗಂಟೆ ಕಳೆದ ಮೇಲೆ ಬಾಯಲ್ಲಿ ಲೋಹದ ರುಚಿ, ಬಾಯಾರಿಕೆ, ಮೈಕೈ ನೋವು, ನಡುಕ. ಒಂದೆರಡು ದಿನದಲ್ಲಿ ಇಳಿಯುತ್ತದೆ. ದಿನವೂ ಇದೇ ಕೆಲಸ ಮಾಡುವವರ ಮೈ ಅದಕ್ಕೆ ಒಗ್ಗಿದಂತಾಗಿ, ಒಂದು ರಜೆ ಸಿಕ್ಕರೆ ಸಾಕು, ಮರುದಿನದ ಕೆಲಸಕ್ಕೆ ಮತ್ತೆ ಜ್ವರ. ಬೇರೆ ದೇಶದ ಕಾರ್ಖಾನೆಗಳಲ್ಲಿ ಇದನ್ನು ಸೋಮವಾರದ ಜ್ವರ ಎಂದೇ ಕರೆಯುತ್ತಿದ್ದರು.

"ಜಿಐ ಹೊಡೆದ ದಿನ ಹಾಲು ಕುಡಿದು ಮಲಗ್ತೀವಿ" ಅಂದರು ವೆಲ್ಡರ್. ಹಾಲು ಹೋಗುವುದು ಹೊಟ್ಟೆಗೆ, ಹೊಗೆ ಹೋಗಿರುವುದು ಶ್ವಾಸಕೋಶಕ್ಕೆ. ಆದರೂ ನಮ್ಮ ಎಷ್ಟೋ ಅಂಗಡಿಗಳಲ್ಲಿ ಅದೊಂದೇ ಔಷಧ. ಅವರ ಮುಂಗೈ ತುಂಬ ಕಿಡಿ ಬಿದ್ದ ಸಣ್ಣ ಬಿಳಿ ಚುಕ್ಕೆಗಳು. ಪಕ್ಕದಲ್ಲಿ ಗೇಟು ಬೆಸೆಯುತ್ತಿದ್ದ ಹುಡುಗ ಬರೀ ತಂಪು ಕನ್ನಡಕ ಹಾಕಿಕೊಂಡಿದ್ದ, ಮೂಗಿಗೆ ಏನೂ ಇರಲಿಲ್ಲ.

ಕೊನೆಗೆ ಆ ತುಂಡನ್ನೂ 304ರಲ್ಲೇ ಮಾಡಿದರು, ಆರ್ಗನ್ ಅನಿಲ ಬಿಟ್ಟು ಬೆಸೆಯುವ ಆರ್ಗನ್ ವೆಲ್ಡಿಂಗಿನಲ್ಲಿ. ಸ್ಟೇನ್‌ಲೆಸ್ ಹೊಗೆ ಒಳ್ಳೆಯದು ಅಂತಲ್ಲ. ಅದರಲ್ಲಿ ಕ್ರೋಮಿಯಂ ಇರುತ್ತದೆ. ಆರ್ಗನ್ನಿನಲ್ಲಿ ಹೊಗೆ ಕಡಿಮೆ ಅಷ್ಟೇ. ವೆಲ್ಡಿಂಗ್ ಹೊಗೆಯಿಂದ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2017ರಲ್ಲೇ ತೀರ್ಮಾನಿಸಿದೆ. ಸಾದಾ ಕಬ್ಬಿಣದ ಹೊಗೆಯೂ ಅದರಲ್ಲಿ ಸೇರಿದೆ.

ಬಾಳಿಕೆ, ತೂಕ, ಬೆಲೆ, ತುಕ್ಕು ಅಂತ ನಾನು ಸಾಮಾನಿನ ಪಟ್ಟಿ ಮಾಡಿಕೊಂಡಿದ್ದೆ. ಇಂಥ ಪಟ್ಟಿ ಯಾರು ಮಾಡಿದರೂ ಆ ಸಾಮಾನನ್ನು ಬೆಸೆಯುವವನ ಉಸಿರಿಗೆ ಒಂದು ಸಾಲು ಇರುವುದಿಲ್ಲ. ಅಂಗಡಿಯಿಂದ ಬಂದ ಮೇಲೆ ನಮ್ಮ ಬೀದಿಯ ಟೆರೇಸುಗಳನ್ನು ನೋಡುತ್ತಿದ್ದೇನೆ. ಮಳೆ ತಡೆಯಲು ಎಲ್ಲರೂ ಶೀಟು ಹಾಕಿಸಿದ್ದಾರೆ. ಹೆಚ್ಚಿನ ಕಡೆ ಅದರ ಕೆಳಗಿರುವುದು ಜಿಐ ಪೈಪು. ಪ್ರತಿ ಗಂಟಿನಲ್ಲೂ ಒಂದು ವೆಲ್ಡಿಂಗ್. ಏಣಿ ಮೇಲೆ ನಿಂತು ಅಷ್ಟನ್ನೂ ಹೊಡೆದದ್ದು ಇಂಥದೇ ಹುಡುಗರು. ನಾವು ಕೆಳಗೆ ನಿಂತು ಚದರ ಅಡಿಗೆ ಎಷ್ಟು ಅಂತ ಚೌಕಾಸಿ ಮಾಡಿದ್ದೇವೆ. ತುಕ್ಕು ಹಿಡಿಯಬಾರದು ಅಂತ ಜಿಐ ಬೇಕು ಅಂದವರೂ ನಾವೇ. ಒಬ್ಬ ವೆಲ್ಡರ್ ಬೇಡ ಅನ್ನಬಹುದು. ಆದರೆ ಬೇಡ ಅಂದರೆ ಕೆಲಸ ಪಕ್ಕದ ಅಂಗಡಿಗೆ ಹೋಗುತ್ತದೆ. ಗಿರಾಕಿಯ ಎದುರಿಗೇ ಹಾಗೆ ಹೇಳಿದರಲ್ಲ, ಅದಕ್ಕಾಗಿ ನನಗೆ ಆ ಮನುಷ್ಯನ ಮೇಲೆ ತುಂಬ ಗೌರವ ಬಂದಿದೆ.

ಅಕ್ಕನ ಮನೆಯ ಟೆರೇಸಿಗೂ ಈ ಬೇಸಿಗೆಯೊಳಗೆ ಶೀಟು ಹಾಕಿಸಬೇಕು. ನಿನ್ನೆ ಅದರ ಕೆಲಸದವರಿಗೆ ಫೋನ್ ಮಾಡಿದೆ. ಸಾಧ್ಯವಾದ ಕಡೆಯೆಲ್ಲ ನಟ್ಟು-ಬೋಲ್ಟು ಹಾಕಿ, ಬೆಸೆಯಲೇಬೇಕಾದ ಕಡೆ ಮೊದಲು ಲೇಪ ಉಜ್ಜಿ ತೆಗೆಯಿರಿ, ಹುಡುಗರಿಗೆ ವೆಲ್ಡಿಂಗ್ ಹೊಗೆ ತಡೆಯುವ ಮಾಸ್ಕ್ ಕೊಡಿಸಿ ಅಂದೆ. ರೇಟು ಜಾಸ್ತಿಯಾಗುತ್ತದೆ ಅಂದರು. ಆಗಲಿ, ಎಸ್ಟಿಮೇಟಿನಲ್ಲಿ ಅದನ್ನು ಬೇರೆಯಾಗಿಯೇ ಬರೆಯಿರಿ ಅಂದೆ. ಸೋಮವಾರ ಕಳಿಸುತ್ತಾರಂತೆ. ಭಾವನ ಜೊತೆ ಕೂತು ನೋಡಬೇಕು.