ಕಾರೈಕುಡಿಯ ಹಳೆ ಬಂಗಲೆಯಲ್ಲಿ ಬಾಳೆಲೆ ಊಟ: ವಾರಾಂತ್ಯಕ್ಕೆ ಹೋಗುವವರಿಗೆ ಒಂದಿಷ್ಟು ಮಾಹಿತಿ

ತಮಿಳುನಾಡಿನ ಚೆಟ್ಟಿನಾಡಿಗೆ, ಅಂದರೆ ಕಾರೈಕುಡಿ ಸುತ್ತಲಿನ ಊರುಗಳಿಗೆ ಹೋಗುವವರು ಸಾಮಾನ್ಯವಾಗಿ ಅಲ್ಲಿನ ದೊಡ್ಡ ಮನೆಗಳನ್ನು ನೋಡಲು ಹೋಗುತ್ತಾರೆ. ಊಟ ಎಲ್ಲಿ ಸಿಕ್ಕಿದರೆ ಅಲ್ಲಿ. ನಾನು ಹೇಳುವುದು ಇದರ ಉಲ್ಟಾ. ಶನಿವಾರ ಮಧ್ಯಾಹ್ನದ ಊಟವನ್ನು ಮೊದಲು ಗೊತ್ತು ಮಾಡಿಕೊಳ್ಳಿ, ಉಳಿದದ್ದನ್ನೆಲ್ಲ ಅದರ ಹಿಂದೆ ಮುಂದೆ ಜೋಡಿಸಿಕೊಳ್ಳಿ. ಕಾರೈಕುಡಿಯ 'ದಿ ಬಂಗಲಾ' ಹೋಟೆಲಿನಲ್ಲಿ ಊಟ ಮಾಡಿ ಬಂದ ಮೇಲೆ ನನಗೆ ಖಾತ್ರಿಯಾದ ಮಾತು ಇದು. ಆ ಮನೆಗಳಿಗೂ ಆ ಅಡುಗೆಗೂ ಬೇರು ಒಂದೇ. ಎರಡನ್ನೂ ಒಂದೇ ದಿನ ನೋಡಿದರೆ ಮಾತ್ರ ಅದು ಗೊತ್ತಾಗುತ್ತದೆ.

ಮೊದಲು ದಾರಿಯ ವಿಷಯ. ಬೆಂಗಳೂರಿನಿಂದ ಕಾರೈಕುಡಿಗೆ ಸುಮಾರು 430 ಕಿಲೋಮೀಟರ್. ಕಾರಿನಲ್ಲಿ ಹೊಸೂರು, ಕೃಷ್ಣಗಿರಿ, ಧರ್ಮಪುರಿ, ಸೇಲಂ, ನಾಮಕ್ಕಲ್, ತಿರುಚ್ಚಿ, ಪುದುಕೋಟೆ ಮೇಲೆ ಹೋಗಬೇಕು. ತಿಂಡಿ, ಕಾಫಿ ಸೇರಿ ಎಂಟು ಗಂಟೆ ಇಟ್ಟುಕೊಳ್ಳಿ. ಧರ್ಮಪುರಿ ದಾಟಿದ ಮೇಲೆ ತೊಪ್ಪೂರು ಘಾಟಿ ಬರುತ್ತದೆ. ಅಲ್ಲಿ ಲಾರಿಗಳ ಅಪಘಾತ ಜಾಸ್ತಿ. ಇಳಿಜಾರಿನಲ್ಲಿ ನಿಧಾನಕ್ಕೆ ಹೋಗಿ, ಲಾರಿಯ ಮುಂದೆ ನುಗ್ಗಬೇಡಿ. ನಾಮಕ್ಕಲ್ ಆದಮೇಲೆ ಮುಸಿರಿ ಕಡೆಯ ರಸ್ತೆ ಹಿಡಿದರೆ ನಮ್ಮ ಕಾವೇರಿ ಪಕ್ಕದಲ್ಲೇ ಸಿಗುತ್ತಾಳೆ. ಬಾಳೆತೋಟಗಳ ನಡುವೆ ಹೋಗುವ ಆ ದಾರಿ ನನಗೆ ತುಂಬ ಇಷ್ಟವಾಯಿತು.

ರೈಲಿನಲ್ಲಿ ಹೋಗುವುದಾದರೆ, ಮೈಸೂರಿನಿಂದ ಬೆಂಗಳೂರು ಮೇಲೆ ಮೈಲಾಡುತುರೈ ಕಡೆಗೆ ಹೋಗುವ ರಾತ್ರಿ ರೈಲು ಇದೆ. ಶುಕ್ರವಾರ ಸಂಜೆ ಹತ್ತಿದರೆ ಶನಿವಾರ ಬೆಳಕು ಹರಿಯುವ ಮೊದಲೇ ತಿರುಚ್ಚಿ. ಅಲ್ಲಿಂದ ಕಾರೈಕುಡಿ 90 ಕಿಲೋಮೀಟರ್ ಆಸುಪಾಸು, ಬಸ್ಸುಗಳು ಬೇಕಾದಷ್ಟಿವೆ. ಮದುರೈಯಿಂದಲೂ ಹೆಚ್ಚುಕಡಿಮೆ ಅಷ್ಟೇ ದೂರ. ಹಿರಿಯರು ಜೊತೆಗಿದ್ದರೆ ರೈಲೇ ವಾಸಿ. ನಾವು ಅತ್ತೆಯನ್ನೂ ಕರೆದುಕೊಂಡು ಹೋಗಿದ್ದರಿಂದ ರೈಲನ್ನೇ ಆರಿಸಿಕೊಂಡೆವು. ಕಾರೈಕುಡಿಯಲ್ಲಿ ಇಡೀ ದಿನಕ್ಕೆ ಒಂದು ಟ್ಯಾಕ್ಸಿ ಮಾಡಿಕೊಂಡೆವು. ಅಲ್ಲಿನ ಊರುಗಳು ಒಂದೊಂದೂ ಹತ್ತು ಹದಿನೈದು ಕಿಲೋಮೀಟರ್ ದೂರದಲ್ಲಿ ಚೆದುರಿಕೊಂಡಿವೆ, ಬಸ್ಸು ಕಾಯುತ್ತ ಕೂತರೆ ದಿನ ಹೋಗಿಬಿಡುತ್ತದೆ.

ಇನ್ನು ಬಂಗಲಾ. 20ನೇ ಶತಮಾನದ ಶುರುವಿನಲ್ಲಿ ಇಲ್ಲಿನ ವ್ಯಾಪಾರಿ ಸಮುದಾಯವಾದ ಚೆಟ್ಟಿಯಾರರ ಒಂದು ಮನೆತನದವರು ಕಟ್ಟಿದ ಕಟ್ಟಡ. ಆಗ ಮನೆಯ ಗಂಡಸರು, ಅವರ ಅತಿಥಿಗಳು ಸೇರುವ ಕ್ಲಬ್ಬಾಗಿತ್ತು. 1990ರ ದಶಕದ ಕೊನೆಗೆ ಅದೇ ಮನೆತನದವರು ಅದನ್ನು ಹೋಟೆಲ್ ಮಾಡಿದರು. ಚೆಟ್ಟಿನಾಡಿನ ಅರಮನೆಯಂಥ ಮನೆಗಳ ಮುಂದೆ ಇದು ಸಣ್ಣದು, ಸರಳವಾದದ್ದು. ಉದ್ದನೆಯ ಜಗಲಿ, ಹಳೆಯ ಮರದ ಕುರ್ಚಿಗಳು, ಗೋಡೆ ಮೇಲೆ ಮನೆಯವರ ಹಳೆ ಫೋಟೋಗಳು. ಹೋದ ಕೂಡಲೇ ಕೈಗೆ ತಣ್ಣನೆ ಪಾನಕ ಕೊಟ್ಟು ಜಗಲಿಯಲ್ಲಿ ಕೂರಿಸಿದರು. ಬಿಸಿಲಿನಿಂದ ಬಂದವರಿಗೆ ಅದಕ್ಕಿಂತ ದೊಡ್ಡ ಸತ್ಕಾರ ಬೇಡ.

ಇಲ್ಲಿ ಉಳಿದುಕೊಳ್ಳದಿದ್ದರೂ ಊಟಕ್ಕೆ ಬರಬಹುದು. ಆದರೆ ಮೊದಲೇ ಫೋನ್ ಮಾಡಿ ಹೇಳಿರಬೇಕು. ವಾರಾಂತ್ಯ ಮತ್ತು ರಜಾದಿನಗಳಿಗೆ ಕೆಲವು ದಿನ ಮುಂಚೆಯೇ ಹೇಳುವುದು ಒಳ್ಳೆಯದು. ಎಷ್ಟು ಜನ, ಅದರಲ್ಲಿ ಎಷ್ಟು ಮಂದಿ ಸಸ್ಯಾಹಾರಿ, ಮಕ್ಕಳಿದ್ದಾರಾ, ಖಾರ ಆಗುತ್ತದಾ ಎಲ್ಲ ಆಗಲೇ ತಿಳಿಸಿ. ಇಲ್ಲಿ ಮೆನು ಕಾರ್ಡ್ ನೋಡಿ ಆರಿಸುವುದಿಲ್ಲ. ಆ ದಿನ ಏನು ಮಾಡಿರುತ್ತಾರೋ ಅದನ್ನು ಎಲ್ಲರಿಗೂ ಎಲೆಗೆ ಬಡಿಸುತ್ತಾರೆ. ಈರುಳ್ಳಿ ಬೆಳ್ಳುಳ್ಳಿ ತಿನ್ನದವರು ಮಾತ್ರ ಇದನ್ನು ಸ್ಪಷ್ಟವಾಗಿ ಕೇಳಿಕೊಳ್ಳಬೇಕು. ಚೆಟ್ಟಿನಾಡು ಅಡುಗೆಯಲ್ಲಿ ಸಣ್ಣ ಈರುಳ್ಳಿ, ಬೆಳ್ಳುಳ್ಳಿ ಎರಡೂ ಧಾರಾಳ. ಊಟದ ಬೆಲೆ ಒಬ್ಬರಿಗೆ ಸಾವಿರ ರೂಪಾಯಿ ಆಸುಪಾಸು ಅಥವಾ ಅದಕ್ಕೂ ಮೇಲೆ ಅಂತ ಅಂದಾಜು ಇಟ್ಟುಕೊಂಡು, ಸರಿಯಾದ ಮೊತ್ತವನ್ನು ಫೋನಿನಲ್ಲೇ ಕೇಳಿ.

ಬೆಳಗಿನ ತಿಂಡಿ ಕಡಿಮೆ ತಿನ್ನಿ. ಇದು ಸುಮ್ನೆ ಹೇಳುವ ಮಾತಲ್ಲ. ಎಲೆಯ ಮೇಲೆ ಬರುವ ಪದಾರ್ಥಗಳನ್ನೆಲ್ಲ ರುಚಿ ನೋಡಲಿಕ್ಕೇ ಒಂದು ಗಂಟೆ ಬೇಕು.

ನಾವು ಹೋದ ದಿನ ಸಾಲು ಮೇಜಿನ ಮೇಲೆ ಅಗಲವಾದ ಎಳೆ ಬಾಳೆಲೆ ಹಾಸಿದ್ದರು. ಎಡಗಡೆ ಉಪ್ಪು, ಉಪ್ಪಿನಕಾಯಿ, ಸಂಡಿಗೆ. ಮೊದಲು ವಡೆ, ಆಮೇಲೆ ಪಲ್ಯಗಳು, ಆಮೇಲೆ ಅನ್ನ. ಮಾಂಸದೂಟದವರಿಗೆ ಮೆಣಸು ಹಾಕಿದ ಕೋಳಿ, ಸಿಗಡಿ, ಮೀನಿನ ಕೊಳಂಬು (ಹುಳಿಯ ಸಾರು). ಅತ್ತೆಗೆ ಬದನೆಕಾಯಿ, ಸುಂಡೆಕಾಯಿ ಕೊಳಂಬು, ಜೊತೆಗೆ ಬೆಂಡೆಕಾಯಿ ಮಂಡಿ. ಈ ಮಂಡಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಅಕ್ಕಿ ತೊಳೆದ ಅಕ್ಕಚ್ಚನ್ನು ಚೆಲ್ಲದೆ ಅದರಲ್ಲೇ ಹುಣಸೆಹಣ್ಣು ಕಿವುಚಿ, ಬೆಂಡೆಕಾಯಿ, ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹಾಕಿ ಬೇಯಿಸುತ್ತಾರೆ. ಅಕ್ಕಚ್ಚಿನಿಂದಲೇ ಅದಕ್ಕೆ ಮಂದ ಬರುತ್ತದೆ, ತೆಂಗಿನಕಾಯಿ ಅರೆದು ಹಾಕುವ ಕೆಲಸವಿಲ್ಲ. ಹುಳಿ, ಖಾರ ಎರಡೂ ಹದವಾಗಿತ್ತು. ಅತ್ತೆ ಅನ್ನಕ್ಕೆ ಅದನ್ನೇ ಎರಡು ಸಲ ಹಾಕಿಸಿಕೊಂಡರು. ಬಡಿಸುವ ಅಣ್ಣ ಸಸ್ಯಾಹಾರದ ಪಾತ್ರೆಗಳನ್ನು ಬೇರೆಯಾಗಿಯೇ ಇಟ್ಟುಕೊಂಡು, "ಅಮ್ಮಾ, ಇನ್ನೂ ಕೊಂಚಂ?" ಅಂತ ಅವರ ಹತ್ತಿರ ತಿರುಗಿ ತಿರುಗಿ ಬರುತ್ತಿದ್ದರು. ಸಸ್ಯಾಹಾರಿಗಳಿಗೆ ಇಲ್ಲಿ ಎಲೆ ಬಡವಾಗುವುದಿಲ್ಲ. ಚೆಟ್ಟಿಯಾರರ ಮದುವೆಯೂಟವೇ ಪೂರಾ ಸಸ್ಯಾಹಾರ, ಹಾಗಾಗಿ ಆ ಕಡೆಯ ಅಡುಗೆಯೂ ಅಷ್ಟೇ ವಿಸ್ತಾರವಾಗಿದೆ.

'ಚೆಟ್ಟಿನಾಡು' ಅಂದರೆ ಬಾಯಿ ಉರಿಯುವ ಖಾರ ಅಂತ ನಮ್ಮಲ್ಲಿ ಅನೇಕರು ಅಂದುಕೊಂಡಿದ್ದಾರೆ. ಹೆದ್ದಾರಿಯ ಬೋರ್ಡುಗಳನ್ನು ನಂಬಿ ತಿಂದರೆ ಹಾಗೇ ಅನ್ನಿಸುತ್ತದೆ. ಇಲ್ಲಿ ನಾನು ಕಂಡದ್ದು ಬೇರೆ. ಕರಿಮೆಣಸು, ಸೋಂಪು, ಕಲ್ಲುಹೂವು, ಮರಾಠಿ ಮೊಗ್ಗು, ಚಕ್ರಮೊಗ್ಗು, ಒಂದೊಂದರ ಘಮವೂ ಬೇರೆಬೇರೆಯಾಗಿ ಮೂಗಿಗೆ ಬಡಿಯುತ್ತದೆ. ಮನೆಯಲ್ಲಿ ಬಿಸಿಬೇಳೆಬಾತಿನ ಪುಡಿ ಮಾಡುವವರಿಗೆ ಮರಾಠಿ ಮೊಗ್ಗಿನ ವಾಸನೆ ತಕ್ಷಣ ಗುರುತು ಸಿಗುತ್ತದೆ. ಇದೇ ಮೊಗ್ಗು ಕೋಳಿ ಸಾರಿನಲ್ಲಿ ಇಷ್ಟು ಚೆನ್ನಾಗಿ ಹೊಂದುತ್ತದೆ ಅಂತ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಕೊನೆಗೆ ಬಂದದ್ದು ಕವುನಿ ಅರಿಸಿ. ಕಡುನೇರಳೆ ಬಣ್ಣದ, ಕಪ್ಪೇ ಅನ್ನಬಹುದಾದ ಅಕ್ಕಿಯನ್ನು ನೆನೆಸಿ, ಬೇಯಿಸಿ, ಸಕ್ಕರೆ, ತುಪ್ಪ, ತೆಂಗಿನತುರಿ ಬೆರೆಸಿದ ಸಿಹಿ. ಕಾಳು ಮೆತ್ತಗಾಗಿದ್ದರೂ ಹಲ್ಲಿಗೆ ಸಿಗುತ್ತದೆ. ಈ ಅಕ್ಕಿ ಚೆಟ್ಟಿಯಾರರ ಅಡುಗೆಮನೆಗೆ ಬಂದದ್ದು ಬರ್ಮಾದಿಂದ. ನಾಟುಕೋಟೆ ಚೆಟ್ಟಿಯಾರರು, ಅಂದರೆ ನಗರತ್ತಾರರು, ಬರ್ಮಾ, ಸಿಲೋನ್, ಮಲಯ, ಸೈಗಾನ್‌ವರೆಗೂ ಹೋಗಿ ಸಾಲದ ವ್ಯವಹಾರ, ವ್ಯಾಪಾರ ಮಾಡಿದವರು. ಹಡಗಿನಲ್ಲಿ ಅಕ್ಕಿ ಬಂತು, ಚಕ್ರಮೊಗ್ಗು ಬಂತು, ಮನೆಯ ಕಂಬಕ್ಕೆ ಬರ್ಮಾ ತೇಗವೂ ಬಂತು. ಎಲೆ ಮೇಲಿನ ಊಟ ಮತ್ತು ಆ ಮನೆಗಳ ನಂಟು ಅಂತ ನಾನು ಹೇಳಿದ್ದು ಇದನ್ನೇ.

ಅದಕ್ಕೇ ಊಟಕ್ಕೆ ಮೊದಲು ಒಂದು ಮನೆ ನೋಡಿಕೊಂಡು ಬನ್ನಿ. ಬೆಳಗ್ಗೆ ಹತ್ತಕ್ಕೆ ಆತಂಗುಡಿ ಸರಿಯಾಗುತ್ತದೆ. ಅಲ್ಲಿನ 'ಪೆರಿಯ ವೀಡು' (ದೊಡ್ಡ ಮನೆ) ಟಿಕೆಟ್ ಇಟ್ಟು ಜನರಿಗೆ ತೆರೆದಿದೆ. ಬಾಗಿಲ ಕೆತ್ತನೆ, ಬಣ್ಣದ ಚಾವಣಿ, ಒಂದರ ಹಿಂದೆ ಒಂದು ಅಂಗಳ. ಎಷ್ಟೋ ಮನೆಗಳು ಒಂದು ಬೀದಿಯಲ್ಲಿ ಶುರುವಾಗಿ ಹಿಂದಿನ ಬೀದಿಯಲ್ಲಿ ಮುಗಿಯುತ್ತವೆ. ಗೋಡೆಯನ್ನು ಒಮ್ಮೆ ಅಂಗೈಯಿಂದ ಮುಟ್ಟಿ ನೋಡಿ. ಸುಣ್ಣದ ಗಾರೆಗೆ ಮೊಟ್ಟೆಯ ಬಿಳಿ, ಬೆಲ್ಲ, ಅಳಲೆಕಾಯಿ ನೀರು ಸೇರಿಸಿ ಪದರ ಪದರವಾಗಿ ತಿಕ್ಕಿದ ಗೋಡೆಗಳು ಅವು. ನಡುಮಧ್ಯಾಹ್ನದ ಹೊತ್ತಲ್ಲೂ ತಣ್ಣಗಿರುತ್ತವೆ, ಅಮೃತಶಿಲೆಯ ಹಾಗೆ ನುಣುಪು.

ಅದೇ ಊರಿನಲ್ಲಿ ನೆಲದ ಹಂಚು ಮಾಡುವ ಕಾರ್ಯಾಗಾರಗಳಿವೆ. ಕೇಳಿದರೆ ಒಳಗೆ ಬಿಡುತ್ತಾರೆ. ನೋಡದೆ ಬರಬೇಡಿ. ಕೆಲಸಗಾರ ಒಂದು ಚೌಕ ಗಾಜನ್ನು ಕೆಳಗಿಟ್ಟು, ಮೇಲೆ ಲೋಹದ ಚೌಕಟ್ಟು ಇಡುತ್ತಾನೆ. ಹೂವಿನ ಅಚ್ಚಿನ ಒಂದೊಂದು ಮನೆಗೂ ಬಣ್ಣ ಬೆರೆತ ಸಿಮೆಂಟಿನ ನೀರನ್ನು ಸಣ್ಣ ಸೌಟಿನಿಂದ ಹುಯ್ಯುತ್ತಾನೆ. ಕೆಂಪು, ಹಳದಿ, ಹಸಿರು, ಒಂದೂ ಪಕ್ಕದ ಮನೆಗೆ ಹರಿಯುವುದಿಲ್ಲ. ಅಚ್ಚು ಎತ್ತಿ, ಮೇಲೆ ಒಣ ಸಿಮೆಂಟು ಮರಳು ಉದುರಿಸಿ, ಆಮೇಲೆ ಗಾರೆ ತುಂಬಿ ಒತ್ತುತ್ತಾನೆ. ಇವನ್ನು ಸುಡುವುದೇ ಇಲ್ಲ. ಒಣಗಿಸಿ, ನೀರಿನ ತೊಟ್ಟಿಯಲ್ಲಿ ನೆನೆಹಾಕುತ್ತಾರೆ. ಗಾಜು ತೆಗೆದಾಗ ಹಂಚಿನ ಮುಖಕ್ಕೆ ಅದರ ಹೊಳಪು ಬಂದಿರುತ್ತದೆ. ಇದನ್ನು ನೋಡಬೇಕಾದರೆ ಶನಿವಾರವೇ ಹೋಗಿ, ಭಾನುವಾರ ಕೆಲಸ ನಡೆಯುತ್ತಿರುತ್ತದೆ ಅನ್ನುವ ಭರವಸೆ ಇಲ್ಲ.

ಆತಂಗುಡಿಯಿಂದ ಕಾರೈಕುಡಿ ಅರ್ಧ ಗಂಟೆ. ಮಧ್ಯಾಹ್ನ ಒಂದರ ಒಳಗೆ ಎಲೆ ಮುಂದೆ ಕೂತಿರಿ. ಊಟವಾದ ಮೇಲೆ ಮಾತ್ರ ಎಲ್ಲಿಗೂ ಓಡಬೇಡಿ, ನಾಲ್ಕರವರೆಗೆ ರೂಮಿನಲ್ಲಿ ಮಲಗಿ.

ಸಂಜೆ ಬಿಸಿಲು ಇಳಿದಾಗ ಕಾನಾಡುಕಾತ್ತಾನ್‌ಗೆ ಹೋಗಿ. ಅಣ್ಣಾಮಲೈ ವಿಶ್ವವಿದ್ಯಾಲಯ ಕಟ್ಟಿದ ರಾಜಾ ಸರ್ ಅಣ್ಣಾಮಲೈ ಚೆಟ್ಟಿಯಾರರ ಅರಮನೆ ಇರುವುದು ಇಲ್ಲೇ. ಹೊರಗಿನಿಂದ ನೋಡುವುದಕ್ಕೇ ತಯಾರಾಗಿ ಹೋಗಿ. ಸುತ್ತಲಿನ ಬೀದಿಗಳಲ್ಲಿ ನಡೆಯುವುದರಲ್ಲೇ ಖುಷಿ ಇದೆ. ಆದರೆ ಬೇಜಾರೂ ಆಗುತ್ತದೆ. ಬೀಗ ಹಾಕಿದ ಬಾಗಿಲುಗಳು, ಚಾವಣಿಯಲ್ಲಿ ಬೆಳೆದ ಅರಳಿ ಗಿಡಗಳು. 1942ರಲ್ಲಿ ಜಪಾನಿನವರು ಬರ್ಮಾಕ್ಕೆ ನುಗ್ಗಿದಾಗ ಚೆಟ್ಟಿಯಾರರ ವ್ಯವಹಾರಕ್ಕೆ ದೊಡ್ಡ ಪೆಟ್ಟು ಬಿತ್ತು. ಮುಂದಿನ ತಲೆಮಾರುಗಳು ಚೆನ್ನೈಗೆ, ಹೊರದೇಶಗಳಿಗೆ ಹೋದವು. ಒಂದು ಮನೆಗೆ ಹತ್ತಾರು ವಾರಸುದಾರರು. ರಿಪೇರಿಗೆ ದುಡ್ಡು ಯಾರು ಹಾಕುವುದು ಅಂತಲೇ ಎಷ್ಟೋ ಮನೆ ಕುಸಿದಿವೆ, ಎಷ್ಟೋ ಮನೆಗಳ ಕಂಬ, ಬಾಗಿಲು ಬಿಚ್ಚಿ ಮಾರಾಟವಾಗಿವೆ. ಚೆಟ್ಟಿನಾಡಿನ ಈ ಊರುಗಳು 2014ರಿಂದ ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲಿವೆ. ಆದರೆ ಪಟ್ಟಿ ಬಂದು ಹೆಂಚು ಹೊದಿಸುವುದಿಲ್ಲ. ಮನೆ ಉಳಿಯುವುದು ಅದರಲ್ಲಿ ಒಲೆ ಹೊತ್ತಿದಾಗ, ಜನ ಓಡಾಡಿದಾಗ. ಹಳೆ ಕಟ್ಟಡದಲ್ಲಿ ನಡೆಯುವ ಹೋಟೆಲಿಗೆ ನಾವು ಕೊಡುವ ಊಟದ ದುಡ್ಡು ಸ್ವಲ್ಪ ಜಾಸ್ತಿ ಅನ್ನಿಸಿದರೂ, ಅದು ಆ ಚಾವಣಿಗೂ ಹೋಗುತ್ತದೆ ಅನ್ನುವುದು ನನ್ನ ಸಮಾಧಾನ.

ಇದೇ ಕಾರಣಕ್ಕೆ ಇನ್ನೊಂದು ಮಾತು. ಕಾರೈಕುಡಿಯ ಮುನೀಶ್ವರನ್ ಕೋವಿಲ್ ಬೀದಿಯಲ್ಲಿ ಹಳೆ ಸಾಮಾನಿನ ಅಂಗಡಿಗಳ ಸಾಲೇ ಇದೆ. ಎನಾಮಲ್ ಡಬ್ಬಿ, ಪಿಂಗಾಣಿ ಜಾಡಿ, ಹಿತ್ತಾಳೆ ಪಾತ್ರೆ ಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಕೆತ್ತನೆಯ ಬಾಗಿಲು, ಕಂಬ ಕೊಳ್ಳಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಅಷ್ಟು ಆಸೆ ಇದ್ದರೆ ಆತಂಗುಡಿಯ ಹೊಸ ಹಂಚು ತರಿಸಿ, ಇಲ್ಲ ಕಾರೈಕುಡಿಯ ಕಂಡಾಂಗಿ ಸೀರೆ ಕೊಳ್ಳಿ. ಅಗಲ ಅಂಚಿನ, ದಪ್ಪ ಹತ್ತಿಯ ಈ ಸೀರೆಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಸಿಕ್ಕಿದೆ.

ಬಂಗಲಾದಲ್ಲಿ ಜಾಗ ಸಿಗದಿದ್ದರೆ ಬೇರೆ ದಾರಿಗಳಿವೆ. ಕಾನಾಡುಕಾತ್ತಾನ್‌ನಲ್ಲಿ 'ವಿಶಾಲಂ', ತಿರುಮಯಂ ಹತ್ತಿರ ಕಡಿಯಾಪಟ್ಟಿಯಲ್ಲಿ 'ಚಿದಂಬರ ವಿಲಾಸ್' ಇವೆರಡೂ ಹಳೆ ಚೆಟ್ಟಿಯಾರ್ ಮನೆಗಳೇ. ಉಳಿಯದವರಿಗೂ ಆ ದಿನ ಊಟ ಇದೆಯಾ ಅಂತ ಫೋನ್ ಮಾಡಿ ಕೇಳಿ.

ಭಾನುವಾರ ಬೆಳಗ್ಗೆ ಬೇಗ ಪಿಳ್ಳೈಯಾರ್‌ಪಟ್ಟಿ ಗಣೇಶನ ದರ್ಶನ ಮುಗಿಸಿ. ಬಂಡೆಯಲ್ಲೇ ಕೊರೆದ, ಎರಡೇ ಕೈಯ, ಬಲಮುರಿ ಗಣಪತಿ. ತಡವಾದರೆ ಸರದಿ ಉದ್ದವಾಗುತ್ತದೆ. ತಿರುಚ್ಚಿಗೆ ವಾಪಸು ಹೋಗುವ ದಾರಿಯಲ್ಲೇ ತಿರುಮಯಂ ಕೋಟೆ ಸಿಗುತ್ತದೆ. 1687ರಲ್ಲಿ ರಾಮನಾಡಿನ ಅರಸ ಸೇತುಪತಿ ಕಟ್ಟಿಸಿದ್ದು. ಬುಡದಲ್ಲಿ ಶಿವ, ವಿಷ್ಣು ಇಬ್ಬರಿಗೂ ಗುಹಾಲಯಗಳಿವೆ. ದೇವಸ್ಥಾನ ಮಧ್ಯಾಹ್ನ ಮುಚ್ಚುತ್ತದೆ, ಹಾಗಾಗಿ ಹನ್ನೊಂದರ ಒಳಗೆ ಅಲ್ಲಿರಿ. ಮಂಡಿ ನೋವಿದ್ದವರು ದೇವಸ್ಥಾನ ನೋಡಿ ಕೆಳಗೇ ಕೂರಬಹುದು, ಅತ್ತೆ ಹಾಗೇ ಮಾಡಿದರು.

ಡಿಸೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಅಕ್ಟೋಬರ್, ನವೆಂಬರಿನಲ್ಲಿ ಆ ಕಡೆ ಮಳೆ, ಮಾರ್ಚ್ ದಾಟಿದರೆ ಬಿಸಿಲು ತಡೆಯುವುದಿಲ್ಲ. ಪೊಂಗಲ್ ವಾರದಲ್ಲಿ ಹೋಗುವುದಾದರೆ ರೈಲಿನ ಟಿಕೆಟ್, ಊಟ ಎರಡನ್ನೂ ತುಂಬ ಮುಂಚೆ ಕಾದಿರಿಸಿ. ಹೊರಡುವ ಮೊದಲು ಕಾರೈಕುಡಿಯಲ್ಲಿ ತೇನ್‌ಕುಳಲ್ (ಒಂದು ಬಗೆಯ ಚಕ್ಕುಲಿ), ಅದಿರಸಂ (ಕಜ್ಜಾಯ) ಕಟ್ಟಿಸಿಕೊಳ್ಳಿ, ರೈಲಿನಲ್ಲಿ ರಾತ್ರಿ ತಿನ್ನಲು ಆಗುತ್ತದೆ. ಕವುನಿ ಅಕ್ಕಿಯೂ ಅಲ್ಲಿನ ಅಂಗಡಿಗಳಲ್ಲಿ ಸಿಗುತ್ತದೆ. ಮನೆಯಲ್ಲಿ ಮಾಡುವಾಗ ರಾತ್ರಿಯಿಡೀ ನೆನೆಸಿ, ನೆನೆಸಿದ ನೀರಿನಲ್ಲೇ ಕುಕ್ಕರಿಗಿಡಿ, ಬಣ್ಣ ಹೋಗುವುದಿಲ್ಲ.